ಬಾಣದ ಬಾಲಕ್ಕೊಂದು ದೀಪ

ಒಹಾಯೊದ ಯಾವ ಬೇಟೆ ಸಾಮಾನಿನ ಅಂಗಡಿಗೆ ಹೋದರೂ ಸೆಪ್ಟೆಂಬರ್ ತಿಂಗಳಲ್ಲಿ ಬಿಲ್ಲುಬಾಣದ ವಿಭಾಗದಲ್ಲಿ ಜನಜಾತ್ರೆ. ಆ ತಿಂಗಳ ಕೊನೆಗೆ ಅಲ್ಲಿ ಬಿಲ್ಲುಬೇಟೆಯ ಋತು ತೆರೆಯುತ್ತದೆ, ಫೆಬ್ರುವರಿಯ ಆರಂಭದವರೆಗೂ ನಡೆಯುತ್ತದೆ. ಗೋಡೆಯುದ್ದಕ್ಕೂ ಕ್ರಾಸ್‌ಬೋಗಳನ್ನು ತೂಗುಹಾಕಿರುತ್ತಾರೆ. ಬಂದೂಕಿನಂಥ ಹಿಡಿಕೆಯ ಮೇಲೆ ಬಿಲ್ಲನ್ನು ಅಡ್ಡಡ್ಡ ಮಲಗಿಸಿ, ಹೆದೆಯನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿ, ಟ್ರಿಗರ್ ಒತ್ತಿದರೆ ಬಾಣ ಹಾರುವಂಥ ಆಯುಧವದು. ಅದರ ಕೆಳಗಿನ ಸಾಲಿನಲ್ಲಿ, ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮೂರು ಮೂರರಂತೆ ಜೋಡಿಸಿಟ್ಟ ಬಣ್ಣಬಣ್ಣದ ತುಣುಕುಗಳು: ಕೆಂಪು, ಹಸಿರು, ನೀಲಿ, ಗುಲಾಬಿ. ಬಾಣದ ಹಿಂತುದಿಯಲ್ಲಿ, ಹೆದೆ ತಾಗುವ ಕಡೆ ಕೂರಿಸುವ ಬಿರಡೆಗೆ ನಾಕ್ ಎನ್ನುತ್ತಾರೆ. ಈ ಬಿರಡೆಯ ಒಳಗೆ ದೀಪವೂ ಬ್ಯಾಟರಿಯೂ ಸೇರಿಕೊಂಡರೆ ಅದು ಬೆಳಗುವ ನಾಕ್. ಬಾಣ ಬಿಡುವವರೆಗೆ ಆರಿರುತ್ತದೆ, ಬಿಟ್ಟ ಕ್ಷಣ ಹೊತ್ತಿಕೊಳ್ಳುತ್ತದೆ.

ಮೊದಲ ಸಲ ನೋಡುವವರಿಗೆ ಇದು ಮಕ್ಕಳ ಆಟದ ಸಾಮಾನಿನಂತೆ ಕಾಣುವುದು ಸಹಜ. ಬೇಟೆಯ ಟಿವಿ ಕಾರ್ಯಕ್ರಮಗಳಲ್ಲಿ ಕೆಂಪು ಗೆರೆಯೊಂದು ಸುಯ್ಯೆಂದು ಹೋಗಿ ಜಿಂಕೆಯ ಪಕ್ಕೆಗೆ ನಾಟುವುದನ್ನು ನೋಡಿದ ಜನ ಅದೇ ಮೋಜಿಗಾಗಿ ಕೊಳ್ಳುವುದೂ ಉಂಟು. ನಾನು ಬೇಟೆಯಾಡುವವನಲ್ಲ, ಬೇಟೆಯ ಮಾಂಸ ತಿನ್ನುವವನೂ ಅಲ್ಲ. ಆದರೂ ಈ ಪುಟ್ಟ ದೀಪದ ಬೆನ್ನು ಹತ್ತಿದ್ದು ಕೊಡಗಿನ ಗೆಳೆಯರೊಬ್ಬರಿಂದಾಗಿ. ಅವರು ಆಕ್ರನ್ ಕಡೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮನೆಯ ಗ್ಯಾರೇಜಿನಲ್ಲಿ ಕಾರಿಗಿಂತ ಬಾಣಗಳಿಗೇ ಹೆಚ್ಚು ಜಾಗ. “ಇದು ಗುರಿಗೆ ಇರೋ ದೀಪ ಅಲ್ಲ ಮಾರಾಯ್ರೆ, ಗುರಿ ತಪ್ಪಿದ್ರೆ ಗೊತ್ತಾಗ್ಲಿ ಅಂತ ಇರೋ ದೀಪ” ಎಂದು ಅವರು ಹೇಳಿದ್ದು ನನ್ನನ್ನು ಹಿಡಿದು ನಿಲ್ಲಿಸಿತು.

ಈಗಿನ ಕ್ರಾಸ್‌ಬೋಗಳಿಂದ ಬಾಣ ಸೆಕೆಂಡಿಗೆ 350ರಿಂದ 500 ಅಡಿ ವೇಗದಲ್ಲಿ ಹೊರಡುತ್ತದೆ. 400 ಅಡಿ ಎಂದೇ ಇಟ್ಟುಕೊಳ್ಳೋಣ. 30 ಗಜ ದೂರದ ಜಿಂಕೆಯನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ಕಾಲು ಭಾಗವೂ ಬೇಡ. ಇಪ್ಪತ್ತು ಅಂಗುಲದ ಕಪ್ಪು ಕಾರ್ಬನ್ ಕಡ್ಡಿ, ಮಬ್ಬು ಬೆಳಕು, ಹಿಂದೆ ಕಂದು ಎಲೆಗಳ ರಾಶಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಹೆದೆಯ ಸದ್ದು ಕೇಳುತ್ತದೆ, ಜಿಂಕೆ ನೆಗೆದು ಓಡುತ್ತದೆ, ಅಷ್ಟೆ. ಬಾಣ ಎಲ್ಲಿ ತಾಗಿತು? ತಾಗಿತೋ ಇಲ್ಲವೋ? ಬೇಟೆಗಾರ ತನಗೆ ಬೇಕಾದದ್ದನ್ನೇ ಕಂಡಂತೆ ನಂಬಿಕೊಳ್ಳುವುದು ಇಲ್ಲಿಯೇ. ಬಾಣದ ಬಾಲದಲ್ಲಿ ದೀಪವಿದ್ದರೆ ಆ ಕಾಲು ಸೆಕೆಂಡಿನಲ್ಲೂ ಒಂದು ಗೆರೆ ಕಣ್ಣಿಗೆ ಸಿಗುತ್ತದೆ; ಗೆರೆ ಎಲ್ಲಿ ಕೊನೆಯಾಯಿತು ಎನ್ನುವುದು ಮನಸ್ಸಿನಲ್ಲಿ ಉಳಿಯುತ್ತದೆ. ಭುಜದ ಹಿಂದೆಯೋ, ಹೊಟ್ಟೆಯ ಮೇಲೋ, ಬೆನ್ನಿನ ಮೇಲಿಂದ ಹಾದುಹೋಗಿ ಆಚೆಯ ಮರದ ಬುಡದಲ್ಲೋ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಕಾನೂನು ಕೊಡುವ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ನಂತರದ ಅರ್ಧ ಗಂಟೆಯವರೆಗೆ. ಬಿಳಿಬಾಲದ ಜಿಂಕೆ ಹೊಲದಂಚಿಗೆ ಹೊರಬರುವುದೂ ಸರಿಯಾಗಿ ಈ ಎರಡು ಮುಸುಕಿನ ಹೊತ್ತಿನಲ್ಲೇ. ಕೊನೆಯ ಹತ್ತು ನಿಮಿಷದಲ್ಲಿ ಬಿಟ್ಟ ಬಾಣವನ್ನು ಹುಡುಕಲು ಹೊರಡುವಾಗ ಕತ್ತಲಾಗಿಬಿಟ್ಟಿರುತ್ತದೆ. ದೀಪ ಬೇಕಾಗುವುದು ಆಗ.

ಅದು ಗುರಿಯಿಡಲು ಯಾವ ಸಹಾಯವನ್ನೂ ಮಾಡುವುದಿಲ್ಲ ಎನ್ನುವುದನ್ನು ಒತ್ತಿ ಹೇಳಬೇಕು, ಏಕೆಂದರೆ ‘ಕತ್ತಲಲ್ಲಿ ಹೊಡೆಯಲು ದೀಪ’ ಎಂದೇ ನಮ್ಮಲ್ಲಿ ಹಲವರು ಇದನ್ನು ತಿಳಿದುಕೊಳ್ಳುತ್ತಾರೆ. ಕತ್ತಲಲ್ಲಿ ಹೊಡೆಯುವ ವಿದ್ಯೆಯ ಕಥೆ ನಮಗೆ ಹೊಸದಲ್ಲ. ದಶರಥ ಶಬ್ದವೇಧಿ ಬಲ್ಲವನು. ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಬಿಟ್ಟ ಬಾಣ ಶ್ರವಣಕುಮಾರನ ಎದೆಗೆ ನಾಟಿತು. ಅವನ ಬಾಣಕ್ಕೆ ದೀಪವಿದ್ದಿದ್ದರೂ ಆಗುತ್ತಿದ್ದುದು ಅದೇ. ಏನನ್ನು ಹೊಡೆಯುತ್ತಿದ್ದೇನೆ ಎಂದು ಕಣ್ಣಾರೆ ಕಂಡ ಮೇಲೆಯೇ ಬಾಣ ಬಿಡಬೇಕು ಎನ್ನುವುದು ಒಹಾಯೊದ ಬೇಟೆ ತರಬೇತಿಯಲ್ಲಿ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಬೆಳಗುವ ನಾಕ್‌ನ ಕೆಲಸ ಶುರುವಾಗುವುದು ಬಾಣ ಕೈಬಿಟ್ಟ ಮೇಲೆ.

ಆ ಕೆಲಸ ಏನೆಂದು ಒಮ್ಮೆ ಹತ್ತಿರದಿಂದ ನೋಡಿದೆ. ಅಕ್ಟೋಬರಿನ ಕೊನೆ. ಗೆಳೆಯರು ಸಂಜೆ ಅಟ್ಟಣೆಯಿಂದ ಫೋನು ಮಾಡಿ, ಬಾಣ ತಾಗಿದೆ, ಬನ್ನಿ ಎಂದರು. ಹೋದಾಗ ಅವರು ಮರದ ಬುಡದಲ್ಲಿ ಫ್ಲಾಸ್ಕಿನ ಕಾಫಿ ಕುಡಿಯುತ್ತ ಕೂತಿದ್ದರು. ಜಿಂಕೆ ನಿಂತಿದ್ದ ಜಾಗದ ಆಚೆ, ಎಲೆಗಳ ನಡುವೆ ಹಸಿರು ಚುಕ್ಕೆಯೊಂದು ಉರಿಯುತ್ತಿತ್ತು. ಹೋಗಿ ತರೋಣವೇ ಎಂದರೆ, “ಕೂತ್ಕೊಳ್ಳಿ. ಬಾಣ ಎಲ್ಲೂ ಓಡಿಹೋಗಲ್ಲ, ಜಿಂಕೆ ಓಡಿಹೋಗುತ್ತೆ” ಎಂದರು. ಗಾಯಗೊಂಡ ಜಿಂಕೆ ಬೆನ್ನಟ್ಟುವವರಿಲ್ಲದಿದ್ದರೆ ಸ್ವಲ್ಪ ದೂರದಲ್ಲೇ ಮಲಗಿಬಿಡುತ್ತದೆ. ಎಬ್ಬಿಸಿದರೆ ಮೈಲಿಗಟ್ಟಲೆ ಹೋಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಎದ್ದು, ಹೆಜ್ಜೆಯ ಸದ್ದಾಗದಂತೆ ಹೋಗಿ ಬಾಣವನ್ನು ಮಣ್ಣಿನಿಂದ ಕಿತ್ತರು. ಟಾರ್ಚಿನ ಬೆಳಕಿಗೆ ಹಿಡಿದು ಅದನ್ನು ಓದತೊಡಗಿದರು. ಓದುವುದು ಎಂದೇ ಹೇಳಬೇಕು. ಗರಿಗಳ ಮೇಲೆ ತಿಳಿಗೆಂಪು ರಕ್ತ, ಅದರಲ್ಲಿ ಸಣ್ಣ ಸಣ್ಣ ಗುಳ್ಳೆ: ಶ್ವಾಸಕೋಶಕ್ಕೆ ತಾಗಿದೆ. ಬಾಣವನ್ನು ಮೂಗಿನ ಹತ್ತಿರ ತಂದು ಮೂಸಿದರು, ಕೆಟ್ಟ ವಾಸನೆಯಿಲ್ಲ. ಅಂಟಿಕೊಂಡಿದ್ದ ನಾಲ್ಕಾರು ಕೂದಲು ಕಂದು ಬಣ್ಣದವು; ಬಿಳಿಯದಾಗಿದ್ದರೆ ಹೊಟ್ಟೆಯ ತಳಭಾಗ ಎಂದರ್ಥ. “ಹೋಗೋಣ, ನೂರು ಗಜದೊಳಗೆ ಇರುತ್ತೆ” ಎಂದರು. ಅಷ್ಟರೊಳಗೇ ಇತ್ತು.

ರಕ್ತ ಕಪ್ಪುಗೆಂಪಾಗಿದ್ದರೆ ಪಿತ್ತಜನಕಾಂಗ. ಆಗ ನಾಲ್ಕು ಗಂಟೆಯಾದರೂ ಕಾಯುತ್ತಾರೆ. ಹಸಿರು-ಕಂದು ಲೋಳೆ, ದುರ್ನಾತ ಇದ್ದರೆ ಕರುಳು. ಆಗ ಎಂಟು ಹತ್ತು ಗಂಟೆ ಬಿಡುವುದೂ ಉಂಟು. ಸಂಜೆ ಬಿಟ್ಟ ಬಾಣವಾದರೆ ಬೆಳಗ್ಗೆಯೇ ಹುಡುಕಾಟ. ಇದೆಲ್ಲ ತಿಳಿಯಬೇಕಾದರೆ ಮೊದಲು ಬಾಣ ಸಿಗಬೇಕು. ಹಿಂದೆಯೂ ಇದಕ್ಕೆ ನಾನಾ ಉಪಾಯಗಳಿದ್ದವು. ಗರಿಗಳಿಗೆ ಎದ್ದು ಕಾಣುವ ಬಿಳಿ, ಹಳದಿ ಬಣ್ಣ ಹಚ್ಚುವುದು ಹಳೆಯದು. ಬಿಲ್ಲಿಗೆ ನೂಲಿನ ಡಬ್ಬಿ ಕಟ್ಟಿ, ನೂಲಿನ ತುದಿಯನ್ನು ಬಾಣಕ್ಕೆ ಬಿಗಿದು, ಜಿಂಕೆ ಓಡಿದಂತೆ ನೂಲು ಬಿಚ್ಚಿಕೊಳ್ಳುವಂತೆ ಮಾಡುವ ಸಲಕರಣೆಯನ್ನೂ ಒಂದು ಕಾಲಕ್ಕೆ ಮಾರುತ್ತಿದ್ದರು. ದೂರ ಹೆಚ್ಚಾದರೆ ಆ ನೂಲೇ ಬಾಣವನ್ನು ಹಿಂದಕ್ಕೆ ಜಗ್ಗುತ್ತಿತ್ತು. ದೀಪ ಬಂದ ಮೇಲೆ ಅದು ಮೂಲೆ ಸೇರಿತು.

ದೀಪದ ಒಳಗಿರುವುದು ಒಂದು ಎಲ್‌ಇಡಿ, ಒಂದು ಸ್ವಿಚ್ಚು, ಒಂದು ಕಡ್ಡಿ ಬ್ಯಾಟರಿ. ಈ ಬ್ಯಾಟರಿಯ ಊರು ಬೇಟೆಯ ಕಾಡಲ್ಲ, ಮೀನಿನ ನೀರು. ಜಪಾನಿನಲ್ಲಿ ರಾತ್ರಿ ಗಾಳ ಹಾಕುವವರು ನೀರಿನ ಮೇಲೆ ತೇಲುವ ಬೆಂಡಿಗೆ ಪುಟ್ಟ ದೀಪ ಸಿಕ್ಕಿಸುತ್ತಾರೆ; ಅದಕ್ಕೆಂದು ಬಳಸುವ ಬಿಆರ್425, ಬಿಆರ್435 ಎಂಬ 3 ವೋಲ್ಟಿನ ಲೀಥಿಯಂ ಕೋಶಗಳೇ ಬಾಣದೊಳಗೂ ಬಂದವು. ದಪ್ಪ 4.2 ಮಿಲಿಮೀಟರು, ಚಿಕ್ಕದರ ತೂಕ ಅರ್ಧ ಗ್ರಾಂ ಆಸುಪಾಸು. ಲೀಥಿಯಂ ಆದ್ದರಿಂದ ಡಿಸೆಂಬರಿನ ಚಳಿಯಲ್ಲೂ ಸಾಮಾನ್ಯ ಬ್ಯಾಟರಿಯಂತೆ ಸೊರಗುವುದಿಲ್ಲ.

ಸ್ವಿಚ್ಚಿನದೇ ದೊಡ್ಡ ಕಥೆ. ಹೆದೆ ಬಾಣವನ್ನು ತಳ್ಳುವುದು ಸುಮಾರು 14 ಅಂಗುಲ ದೂರ. ನಿಂತ ಸ್ಥಿತಿಯಿಂದ ಅಷ್ಟರೊಳಗೆ 400 ಅಡಿ ವೇಗ ಬರಬೇಕೆಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಆರು ಭಾಗದೊಳಗೆ ಎಲ್ಲ ಮುಗಿಯಬೇಕು. ಲೆಕ್ಕ ಹಾಕಿದರೆ ಬಾಣದ ಮೇಲೆ ಬೀಳುವ ಸರಾಸರಿ ಹೊಡೆತ ಗುರುತ್ವದ ಎರಡು ಸಾವಿರ ಪಟ್ಟು. ಬೆಸುಗೆ ಹಾಕಿದ ತಂತಿ, ಗಾಜಿನ ಬಲ್ಬು ಇಂಥದ್ದೇನೂ ಅಲ್ಲಿ ಬಾಳುವುದಿಲ್ಲ. ಹೆಚ್ಚಿನ ಕಂಪನಿಗಳು ಈ ಹೊಡೆತವನ್ನೇ ಸ್ವಿಚ್ಚಾಗಿ ಬಳಸಿಕೊಂಡಿವೆ: ಹೆದೆ ಅಪ್ಪಳಿಸಿದಾಗ ನಾಕ್ ಒಂದೆರಡು ಮಿಲಿಮೀಟರು ಒಳಕ್ಕೆ ಸರಿದು ಬ್ಯಾಟರಿಗೂ ದೀಪಕ್ಕೂ ಸಂಪರ್ಕ ಮಾಡುತ್ತದೆ. ವೇಗ ಏರಿದ್ದನ್ನು ಒಳಗಿನ ಸರ್ಕ್ಯೂಟೇ ಗ್ರಹಿಸಿ ಹೊತ್ತಿಕೊಳ್ಳುವ ಜಾತಿಯೂ ಇದೆ. ಅಯಸ್ಕಾಂತದಿಂದ ಕೆಲಸ ಮಾಡುವ ಜಾತಿಯೂ ಇತ್ತು. ನನಗೆ ಸರಳವಾದ ತಳ್ಳುಸ್ವಿಚ್ಚೇ ಮೆಚ್ಚು, ಏಕೆಂದರೆ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಕಣ್ಣಿಗೆ ಕಾಣುತ್ತದೆ.

ಕೊಳ್ಳುವ ವಿಷಯಕ್ಕೆ ಬಂದರೆ, ಜನ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಎಷ್ಟು ಪ್ರಖರ ಎಂದು ಕೇಳುತ್ತಾರೆ, ಆಮೇಲೆ ಬೆಲೆ. ತಮ್ಮ ಬಿಲ್ಲಿಗೆ ಆ ನಾಕ್ ಹೊಂದುತ್ತದೆಯೇ ಎಂಬ ಪ್ರಶ್ನೆ ಕೊನೆಗೆ ಬಂದರೆ ಬಂತು. ನನ್ನ ಗೆಳೆಯರ ಕ್ರಮ ಇದಕ್ಕೆ ಪೂರ್ತಿ ತಿರುಗುಮುರುಗು, ಮತ್ತು ಅದೇ ಸರಿ. ಏಕೆಂದರೆ ಕೈಬಿಲ್ಲಿನ ಬಾಣದಲ್ಲಿ ನಾಕ್ ಹೆದೆಯನ್ನು ಕಚ್ಚಿ ಹಿಡಿದಿರುತ್ತದೆ. ಕ್ರಾಸ್‌ಬೋದ ಬಹಳಷ್ಟು ಮಾದರಿಗಳಲ್ಲಿ ಬಾಣ ಹಳಿಯ ಮೇಲೆ ಸುಮ್ಮನೆ ಒರಗಿರುತ್ತದೆ, ಹೆದೆ ಹಿಂದಿನಿಂದ ಬಂದು ಗುದ್ದುತ್ತದೆ. ಗುದ್ದುವ ಜಾಗದ ಆಕಾರ ತಪ್ಪಾಗಿದ್ದರೆ ಹೆದೆ ಬಾಣದ ಮೇಲಿಂದಲೋ ಕೆಳಗಿಂದಲೋ ಜಾರಿಹೋಗುತ್ತದೆ. ಆಗ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನ ತೋಳುಗಳಿಗೇ ತಿರುಗುತ್ತದೆ. ತೋಳು ಸೀಳಬಹುದು, ಹೆದೆ ಹರಿಯಬಹುದು, ಚೂರುಗಳು ಮುಖಕ್ಕೆ ಹಾರಬಹುದು. ಹೊಂದದ ನಾಕ್ ಬಳಸಿದರೆ ವಾರಂಟಿ ಇಲ್ಲ ಎಂದು ಕಂಪನಿಗಳು ದಪ್ಪಕ್ಷರದಲ್ಲಿ ಬರೆಯುವುದು ಇದಕ್ಕೇ.

ಆಕಾರಗಳು ನಾಲ್ಕೈದು. ಹಿಂಬದಿ ಪೂರ್ತಿ ಸಪಾಟಾಗಿರುವುದು ಒಂದು. ಕೆನಡಾದ ಕಿಚನರ್ ಊರಿನ ಎಕ್ಸ್‌ಕ್ಯಾಲಿಬರ್ ಕಂಪನಿಯ ಬಿಲ್ಲುಗಳು ಸಪಾಟು ನಾಕ್ ಕೇಳುತ್ತವೆ. ಹೆದೆ ಕೂರಲು ಅರ್ಧಚಂದ್ರದ ತೋಡು ಇರುವುದು ಇನ್ನೊಂದು, ಬಹಳ ಬಳಕೆಯದು. ಒಹಾಯೊದ್ದೇ ಮೊಗಡೋರ್ ಊರಿನ ಟೆನ್‌ಪಾಯಿಂಟ್ ಕಂಪನಿ ಆರು ಸಣ್ಣ ಗೀರುಗಳಿರುವ ಓಮ್ನಿ-ನಾಕ್ ತಂದಿತು. ಆ ಗೀರುಗಳು ಸೇರಿ ಹೆದೆಗೆ ಮೂರು ದಾರಿಗಳಾಗುತ್ತವೆ. ವಿಸ್ಕಾನ್ಸಿನ್‌ನ ಸುಪೀರಿಯರ್ ಊರಿನ ರೇವಿನ್ ಬಿಲ್ಲುಗಳಲ್ಲಿ ನಾಕ್ ಹೆದೆಗೆ ಟಕ್ಕೆಂದು ಕಚ್ಚಿಕೊಳ್ಳಲೇಬೇಕು, ಅವರದೇ ನಾಕ್ ಬಳಸಬೇಕು. ಟೆನ್‌ಪಾಯಿಂಟ್‌ನ ಹೊಸ ಆಲ್ಫಾ-ನಾಕ್ ಕೂಡ ಕಚ್ಚುವ ಜಾತಿಯದೇ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಬಿಲ್ಲಿನ ಕೈಪಿಡಿ ತೆರೆದು ಯಾವ ಆಕಾರ ಬರೆದಿದೆ ನೋಡಬೇಕು. ಬೆಳಗುವ ನಾಕ್ ಆ ಆಕಾರದಲ್ಲಿ ಸಿಗದಿದ್ದರೆ ದೀಪದ ಆಸೆ ಬಿಡಬೇಕು. ಇದರಲ್ಲಿ ರಾಜಿಯಿಲ್ಲ.

ಅರ್ಧಚಂದ್ರದ ನಾಕ್‌ಗೆ ಇನ್ನೊಂದು ತಂಟೆ ಇದೆ. ಅದರ ತೋಡು ಹೆದೆಗೆ ನೇರವಾಗಿ ಕೂರಬೇಕು. ಬಾಣದ ಮೂರು ಗರಿಗಳಲ್ಲಿ ಬೇರೆ ಬಣ್ಣದ ಒಂದು ಗರಿ ಹಳಿಯ ನಡುವಿನ ತೋಡಿಗೆ ಇಳಿಯುತ್ತದೆ. ಅದಕ್ಕೆ ತಕ್ಕಂತೆ ನಾಕ್ ಜೋಡಿಸಿರುತ್ತಾರೆ. ಕೆಲವು ಬೆಳಗುವ ನಾಕ್‌ಗಳನ್ನು ಆರಿಸಲು ತಿರುಚಬೇಕು. ಅಭ್ಯಾಸ ಮಾಡುವಾಗ ತಿರುಚಿ ಆರಿಸಿ, ಹಾಗೇ ಬತ್ತಳಿಕೆಗೆ ಹಾಕಿಕೊಂಡರೆ ತೋಡು ಓರೆಯಾಗಿಯೇ ಉಳಿಯುತ್ತದೆ. ಗೆಳೆಯರು ಬಾಣದ ಮೇಲೂ ನಾಕ್‌ನ ಮೇಲೂ ಬಿಳಿ ಮಾರ್ಕರಿನಿಂದ ಒಂದೇ ಗೆರೆ ಎಳೆದಿದ್ದಾರೆ. ಎರಡು ತುಂಡು ಸೇರಿ ನೇರ ಗೆರೆಯಾದರೆ ಮಾತ್ರ ಬಾಣ ಬಿಲ್ಲೇರುತ್ತದೆ. ನಾಲ್ಕಾಣೆಯ ಉಪಾಯ, ನಲವತ್ತು ಸಾವಿರದ ಬಿಲ್ಲನ್ನು ಉಳಿಸುವಂಥದ್ದು.

ಆಕಾರ ಸರಿಯಾದರೆ ಸಾಲದು, ಅಳತೆಯೂ ಕೂಡಬೇಕು. ಒಂದು ದಿನ ಅಂಗಡಿಯಲ್ಲಿ ಗೆಳೆಯರು ಜೇಬಿನಿಂದ ವರ್ನಿಯರ್ ತೆಗೆದಾಗ ಕೌಂಟರಿನ ಹುಡುಗ ನಕ್ಕ. ಇವರು ತಲೆ ಎತ್ತಲಿಲ್ಲ. ಅಲ್ಯೂಮಿನಿಯಂ ಬಾಣಗಳ ಮೇಲೆ 2219 ಎಂಬಂಥ ಸಂಖ್ಯೆ ಬರೆದಿರುತ್ತದೆ. ಮೊದಲೆರಡು ಅಂಕಿ ಹೊರವ್ಯಾಸ, ಅಂಗುಲದ 64ನೇ ಭಾಗಗಳ ಲೆಕ್ಕದಲ್ಲಿ. ಉಳಿದೆರಡು ಗೋಡೆಯ ದಪ್ಪ, ಅಂಗುಲದ ಸಾವಿರನೇ ಭಾಗಗಳ ಲೆಕ್ಕದಲ್ಲಿ. ಕಳೆದು ನೋಡಿದರೆ ಒಳವ್ಯಾಸ 0.306 ಅಂಗುಲ ಸಿಗುತ್ತದೆ. ಕಾರ್ಬನ್ ಬಾಣಗಳಲ್ಲಿ 0.300 ಅಂಗುಲ ಸಾಮಾನ್ಯ. ನಡುವಿನ ಅಂತರ ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು. ಇಷ್ಟೇ ಸಾಕು ಕೆಡಿಸಲು: ಸಡಿಲವಾದರೆ ಬಾಣ ನಾಟಿದ ಹೊಡೆತಕ್ಕೆ ನಾಕ್ ಕಳಚಿಬಿದ್ದು ದೀಪ ಒಂದು ಕಡೆ, ಬಾಣ ಒಂದು ಕಡೆ; ಬಿಗಿಯಾದರೆ ಒಳಸರಿಯಬೇಕಾದ ಸ್ವಿಚ್ಚು ಸರಿಯದೆ ದೀಪವೇ ಹೊತ್ತುವುದಿಲ್ಲ. ಬಿಗಿಮಾಡಲೆಂದು ಗೋಂದು ಹಾಕಿದವರ ಕಥೆ ಕೇಳಬೇಡಿ. ಗೋಂದು ಸ್ವಿಚ್ಚಿಗೆ ಇಳಿದರೆ ಅಲ್ಲಿಗೆ ಮುಗಿಯಿತು.

ಇನ್ನು ತೂಕ. ಬಾಣದ ಲೋಕದಲ್ಲಿ ತೂಕದ ಅಳತೆ ಗ್ರೇನ್. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಬೆಳಗುವ ನಾಕ್ ಸಾಮಾನ್ಯವಾಗಿ 20ರಿಂದ 25 ಗ್ರೇನ್ ತೂಗುತ್ತದೆ, ಬರಿಯ ಪ್ಲಾಸ್ಟಿಕ್ ನಾಕ್ ಅದರ ಅರ್ಧದಷ್ಟು. ಒಂದು ಗ್ರಾಂಗಿಂತ ಕಡಿಮೆಯ ವ್ಯತ್ಯಾಸ, ಆದರೆ ಅದು ಬಂದು ಕೂರುವುದು ಬಾಣದ ಕಟ್ಟಕಡೆಯ ತುದಿಯಲ್ಲಿ. 420 ಗ್ರೇನ್ ತೂಕದ, 20 ಅಂಗುಲದ ಬಾಣಕ್ಕೆ ಹಿಂದೆ 12 ಗ್ರೇನ್ ಸೇರಿಸಿದರೆ ತೂಕದ ಕೇಂದ್ರ ಅಂಗುಲದ ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ಸರಿಯುತ್ತದೆ. ಮುಂಭಾರ ಕಡಿಮೆಯಾದ ಬಾಣ ದೂರಕ್ಕೆ ಅಲುಗಾಡುತ್ತದೆ. ಇದಕ್ಕೆ ಮದ್ದು, 100 ಗ್ರೇನ್ ಅಲಗಿನ ಬದಲು 125ರದ್ದನ್ನು ಹಾಕುವುದು. ಅದಕ್ಕಿಂತ ಮುಖ್ಯವಾದದ್ದು ಅಭ್ಯಾಸವನ್ನೂ ಅದೇ ತೂಕದ ಬಾಣದಿಂದ ಮಾಡುವುದು. ದೀಪವಿಲ್ಲದ, ಆದರೆ ಅಷ್ಟೇ ತೂಗುವ ಅಭ್ಯಾಸದ ನಾಕ್‌ಗಳನ್ನೂ ಕಂಪನಿಗಳು ಮಾರುತ್ತವೆ. ಬೇಸಿಗೆಯಿಡೀ ಹಗುರದ ಬಾಣ ಬಿಟ್ಟು, ಋತು ತೆರೆಯುವ ಹಿಂದಿನ ಸಂಜೆ ದೀಪ ಸಿಕ್ಕಿಸಿ ಕಾಡಿಗೆ ಹೊರಟವರ ದೀಪ, ಪಾಪ, ಜಿಂಕೆಯ ಬೆನ್ನಿನ ಮೇಲಿಂದಲೋ ಹೊಟ್ಟೆಯ ಕೆಳಗಿಂದಲೋ ಹಾದು ಹೋದದ್ದನ್ನು ಚೆನ್ನಾಗಿ ತೋರಿಸುತ್ತದೆ.

ಅಭ್ಯಾಸದಲ್ಲಿ ಇನ್ನೊಂದು ಎಚ್ಚರಿಕೆ. ಕ್ರಾಸ್‌ಬೋ 20 ಗಜದಲ್ಲಿ ಎಷ್ಟು ನಿಖರ ಎಂದರೆ ಒಂದೇ ಗುರುತಿಗೆ ಎರಡು ಬಾಣ ಬಿಟ್ಟರೆ ಎರಡನೆಯದು ಮೊದಲನೆಯದರ ಬಾಲವನ್ನೇ ಸೀಳಿಬಿಡಬಹುದು. ಬಾಲದಲ್ಲಿ ಹತ್ತು ಡಾಲರಿನ ದೀಪ ಇರುವಾಗ ಪ್ರತಿ ಬಾಣಕ್ಕೂ ಬೇರೆ ಗುರುತು ಹಿಡಿಯುವುದು ಜಾಣತನ.

ಬಣ್ಣದ ಬಗ್ಗೆ ಅಂಗಡಿಗಳಲ್ಲಿ ಪಟ್ಟಾಂಗ ಬಹಳ. ಮನುಷ್ಯನ ಕಣ್ಣು ಹಗಲಲ್ಲಿ ಅತಿ ಹೆಚ್ಚು ಸ್ಪಂದಿಸುವುದು ಹಸಿರಿಗೆ, 555 ನ್ಯಾನೋಮೀಟರಿನ ಆಸುಪಾಸಿನ ಬೆಳಕಿಗೆ. ಮಬ್ಬಾದಂತೆ ಆ ತುದಿ ನೀಲಿಯ ಕಡೆ, 507ರ ಹತ್ತಿರ ಸರಿಯುತ್ತದೆ, ಕೆಂಪು ಮಂಕಾಗುತ್ತ ಹೋಗುತ್ತದೆ. ಅಂದ ಮೇಲೆ ಸಂಜೆಗೆ ಹಸಿರೇ ವಾಸಿ. ಆದರೆ ಋತುವಿನ ಆರಂಭದಲ್ಲಿ ಒಹಾಯೊದ ಕಾಡು ಇನ್ನೂ ಹಸಿರಾಗಿರುತ್ತದೆ, ಅಕ್ಟೋಬರಿನಲ್ಲಿ ಮೇಪಲ್ ಎಲೆಗಳು ಕೆಂಪಾಗಿ ಉದುರಿರುತ್ತವೆ. ಕೆಂಪು ಎಲೆಯ ಮೇಲೆ ಕೆಂಪು ದೀಪ ಮುಸ್ಸಂಜೆಯಲ್ಲಿ ಕಾಣುವುದಿಲ್ಲವೆಂದಲ್ಲ, ಆದರೆ ಕಣ್ಣು ತಡವಾಗಿ ಹಿಡಿಯುತ್ತದೆ. ಯುರೋಪು ಮೂಲದ ಗಂಡಸರಲ್ಲಿ ನೂರಕ್ಕೆ ಎಂಟು ಮಂದಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯುವುದಿಲ್ಲ. ಅಂಥವರಿಗೆ ರಕ್ತದ ಜಾಡು ಹಿಡಿಯುವುದೇ ಕಷ್ಟ, ಬಾಣದ ಬಣ್ಣವನ್ನು ಅವರು ತಮ್ಮ ಕಣ್ಣಿಂದಲೇ ಪರೀಕ್ಷಿಸಿ ಕೊಳ್ಳಬೇಕು, ಪೊಟ್ಟಣದ ಮೇಲಿನ ಹೊಗಳಿಕೆಯಿಂದಲ್ಲ.

ಜಿಂಕೆಗೆ ಈ ದೀಪ ಕಾಣುವುದಿಲ್ಲವೇ ಎಂದು ನಾನೂ ಕೇಳಿದ್ದೆ. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿದವು: ನೀಲಿ ಚೆನ್ನಾಗಿ ಕಾಣುತ್ತದೆ, ಕೆಂಪು-ಕಿತ್ತಳೆ ಹೆಚ್ಚುಕಡಿಮೆ ಕಾಣುವುದಿಲ್ಲ. ಬಂದೂಕಿನ ಋತುವಿನಲ್ಲಿ ಬೇಟೆಗಾರರು ಕಣ್ಣು ಕೋರೈಸುವ ಕಿತ್ತಳೆ ಅಂಗಿ ತೊಟ್ಟು ಜಿಂಕೆಯ ಎದುರೇ ಕೂರಲು ಆಗುವುದು ಇದರಿಂದಲೇ. ಆ ಲೆಕ್ಕದಲ್ಲಿ ನೀಲಿ ನಾಕ್ ಬೇಡವೇ? ದೀಪ ಹೊತ್ತುವುದು ಬಾಣ ಬಿಟ್ಟ ಮೇಲೆ, ಜಿಂಕೆಗೆ ಸಿಗುವುದು ಕಾಲು ಸೆಕೆಂಡು, ಅದರಲ್ಲೂ ಮೊದಲು ಅದರ ಕಿವಿಗೆ ತಲುಪುವುದು ಹೆದೆಯ ಸದ್ದು. ಬಣ್ಣ ಅಲ್ಲಿ ಲೆಕ್ಕಕ್ಕೇ ಇಲ್ಲ. ಬತ್ತಳಿಕೆಯಲ್ಲೇ ತಾನಾಗಿ ಹೊತ್ತಿಕೊಳ್ಳುವ ಅಗ್ಗದ ನಾಕ್ ಆದರೆ ಮಾತ್ರ ಈ ಚಿಂತೆಗೆ ಅರ್ಥವಿದೆ.

ಇದೆಲ್ಲ ಬೇಕೇ, ಇದು ಬೇಟೆಯ ಧರ್ಮಕ್ಕೆ ಸರಿಯೇ ಎನ್ನುವ ವಾದ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆಯಿತು. ಅದರ ಬೇರು ಸಾನ್ ಫ್ರಾನ್ಸಿಸ್ಕೊದ ಒಂದು ಆಸ್ಪತ್ರೆಯಲ್ಲಿದೆ. 1911ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಒರೋವಿಲ್ ಬಳಿ ಕಾಡಿನಿಂದ ಒಬ್ಬಂಟಿಯಾಗಿ ಹೊರಬಂದ ಇಷಿ, ಬಿಳಿಯರ ದಾಳಿಗಳಿಂದ ನಾಮಾವಶೇಷವಾದ ಯಾಹಿ ಜನಾಂಗದ ಕೊನೆಯವನೆಂದು ಹೆಸರಾದವನು. ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಅವನಿಗೆ ಆಶ್ರಯ ಕೊಟ್ಟರು. ಅದೇ ವಿಶ್ವವಿದ್ಯಾಲಯದ ಆಸ್ಪತ್ರೆಯ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಮಾಡುವುದನ್ನು, ಬಾಣ ಕಟ್ಟುವುದನ್ನು, ಬೇಟೆಯ ನಡೆಯನ್ನು ಕಲಿತ. ಇಷಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಬರೆದ. ಅವನೂ ಅವನ ಜೊತೆಗಾರ ಆರ್ಥರ್ ಯಂಗ್ ಕೂಡ ಅಮೆರಿಕದ ಬಿಲ್ಲುಬೇಟೆಯ ಹಿರಿಯರೆನಿಸಿಕೊಂಡರು. ಅವರ ಹೆಸರಿನಲ್ಲಿ 1961ರಲ್ಲಿ ಹುಟ್ಟಿದ ಪೋಪ್ ಅಂಡ್ ಯಂಗ್ ಕ್ಲಬ್ ಬಿಲ್ಲಿನಿಂದ ಬಿದ್ದ ದೊಡ್ಡ ಪ್ರಾಣಿಗಳ ದಾಖಲೆ ಇಡುತ್ತದೆ. ಬಿಲ್ಲಿಗಾಗಲಿ ಬಾಣಕ್ಕಾಗಲಿ ವಿದ್ಯುತ್ ಉಪಕರಣ ಅಂಟಿರಬಾರದು ಎನ್ನುವುದು ಅದರ ಹಳೆಯ ಕಟ್ಟುಪಾಡು. ದೀಪವಿರುವ ಬಾಣದಿಂದ ಬಿದ್ದ ಜಿಂಕೆಯ ಕೊಂಬು ಎಷ್ಟೇ ದೊಡ್ಡದಿದ್ದರೂ ದಾಖಲೆಗೆ ಸೇರುತ್ತಿರಲಿಲ್ಲ. 2014ರಲ್ಲಿ ಕ್ಲಬ್ ಮೆತ್ತಗಾಯಿತು: ಬೆಳಗುವ ನಾಕ್‌ಗೂ, ಬಿಲ್ಲಿಗೆ ಕಟ್ಟುವ ಕ್ಯಾಮೆರಾಕ್ಕೂ ಒಪ್ಪಿಗೆ ಕೊಟ್ಟಿತು. ದೀಪ ಪ್ರಾಣಿಯನ್ನು ಕೊಲ್ಲಲು ನೆರವಾಗುವುದಿಲ್ಲ, ಕೊಂದದ್ದನ್ನು ಹುಡುಕಲು ನೆರವಾಗುತ್ತದೆ ಎಂಬ ವಾದಕ್ಕೆ ತೂಕ ಬಂದಿತ್ತು.

ಇದರಲ್ಲೊಂದು ತಮಾಷೆಯಿದೆ. ಪೋಪ್ ಅಂಡ್ ಯಂಗ್ ಕ್ಲಬ್ ಕ್ರಾಸ್‌ಬೋವನ್ನು ಬಿಲ್ಲೆಂದೇ ಒಪ್ಪುವುದಿಲ್ಲ. ಅಂದರೆ ಈ ದೀಪವನ್ನು ಕೊಳ್ಳುವ ಕ್ರಾಸ್‌ಬೋ ಬೇಟೆಗಾರರಿಗೆ ಆ ಕ್ಲಬ್ಬಿನ ಒಪ್ಪಿಗೆಯಿಂದ ಆಗಬೇಕಾದದ್ದೇನೂ ಇರಲಿಲ್ಲ. ಅವರ ಜಗಳ ಬೇರೆ ಕಡೆಯದು: ಬಿಲ್ಲುಬೇಟೆಯ ಋತುವಿಗೆ ತಮ್ಮನ್ನು ಸೇರಿಸಿಕೊಳ್ಳಿ ಎಂದು ರಾಜ್ಯ ಸರ್ಕಾರಗಳ ಜೊತೆ. ಒಹಾಯೊ 1970ರ ದಶಕದಲ್ಲೇ ಬಾಗಿಲು ತೆರೆದಿತ್ತು, ಈಗ ಅಲ್ಲಿ ಕೈಬಿಲ್ಲಿಗಿಂತ ಕ್ರಾಸ್‌ಬೋಗೆ ಬೀಳುವ ಜಿಂಕೆಗಳೇ ಹೆಚ್ಚು. ಪೆನ್ಸಿಲ್ವೇನಿಯಾ 2009ರಲ್ಲಿ, ವಿಸ್ಕಾನ್ಸಿನ್ 2014ರಲ್ಲಿ ಒಪ್ಪಿದವು. ಆರೆಗನ್ ಕ್ರಾಸ್‌ಬೋ ಬೇಟೆಯನ್ನೇ ಒಪ್ಪಿಲ್ಲ. ನಾಕ್‌ನ ದೀಪವನ್ನೂ ಐಡಾಹೊ, ಮೊಂಟಾನಾ, ಆರೆಗನ್‌ನಂಥ ಪಶ್ಚಿಮದ ರಾಜ್ಯಗಳು ಬಹುಕಾಲ ನಿಷೇಧಿಸಿದ್ದವು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ರಾಜ್ಯದ ಗಡಿ ದಾಟಿ ಬೇಟೆಗೆ ಹೋಗುವವರು ಆ ವರ್ಷದ ನಿಯಮಪುಸ್ತಿಕೆ ತೆಗೆದು ನೋಡದೆ ಹೋಗುವಂತಿಲ್ಲ. ಇನ್ನು ಒಲಿಂಪಿಕ್ಸ್‌ಗೂ ಅನ್ವಯವಾಗುವ ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮಗಳಲ್ಲಿ ವಿದ್ಯುತ್ ದೀಪದ ನಾಕ್ ನೇರವಾಗಿಯೇ ನಿಷಿದ್ಧ. ನಮ್ಮ ದೀಪಿಕಾ ಕುಮಾರಿ, ಅತನು ದಾಸ್‌ರ ಬಾಣಗಳಲ್ಲಿ ಇದನ್ನು ಯಾರೂ ಕಾಣಲಾರರು.

ಭಾರತದಲ್ಲಿ ಬೇಟೆಯ ಪ್ರಶ್ನೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಚ್ಚಿಹಾಕಿದೆ. ಗೆಳೆಯರ ಅಜ್ಜನ ಕಾಲದಲ್ಲಿ ನಾಟಿ ಕೆಲಸ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬದಂದು ಕೋವಿ, ಕತ್ತಿಗಳಿಗೆ ಪೂಜೆ ಮಾಡಿ ಬೇಟೆಗೆ ಹೊರಡುತ್ತಿದ್ದರು. ಈಗ ಅದೇ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಇವರು ಆಕ್ರನ್‌ನಲ್ಲಿ ಸೆಪ್ಟೆಂಬರ್ ಬಂದರೆ ಕ್ರಾಸ್‌ಬೋಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಬಾಣಗಳಿಗೂ. ನಾಕ್‌ಗೆ ಮಾತ್ರ ಹಚ್ಚುವುದಿಲ್ಲ. ಪುಡಿ ಸ್ವಿಚ್ಚಿನೊಳಗೆ ಇಳಿದೀತೆಂಬ ಭಯ.

ಬೆಲೆ ಹೇಳುವುದಾದರೆ ಒಳ್ಳೆಯವು ಮೂರಕ್ಕೆ ಮೂವತ್ತು ಡಾಲರಿನ ಅತ್ತಿತ್ತ. ಅದರ ಅರ್ಧಕ್ಕೂ ಸಿಗುತ್ತವೆ. ಗೆಳೆಯರು ಹೊಸದಾಗಿ ಕೊಂಡ ನಾಕ್‌ಗಳನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಗ್ಗೆ ಬಾಣಕ್ಕೆ ಸಿಕ್ಕಿಸಿ, ಒಂದೊಂದನ್ನೂ ಬಿಟ್ಟು ನೋಡುತ್ತಾರೆ. ಹೊತ್ತಿದ್ದು ಉಳಿಯುತ್ತದೆ, ಹೊತ್ತದ್ದೂ ಹೊತ್ತಿದ್ದರಲ್ಲಿ ಮಂಕಾದದ್ದೂ ವಾಪಸು ಹೋಗುತ್ತವೆ. ಹೆಂಡತಿಯ ಬೈಗುಳವೂ ಪರೀಕ್ಷೆಯ ಭಾಗ. ಕೈಮಾ ಹುಡುಕಲು ಹೋದವರ ಕೈಗೆ ನಾಕ್ ಸಿಗುತ್ತದೆ. ಖರ್ಚಾದ ಬ್ಯಾಟರಿಗಳನ್ನು ಕಸದ ಬುಟ್ಟಿಗೆ ಹಾಕದೆ ಡಬ್ಬಿಯಲ್ಲಿ ಕೂಡಿಟ್ಟು ಮರುಬಳಕೆ ಕೇಂದ್ರಕ್ಕೆ ಕೊಡುತ್ತಾರೆ. ಸಿಗದೆ ಹೋದ ಬಾಣದ ಜೊತೆ ಕಾಡಿನಲ್ಲೇ ಉಳಿಯುವ ಲೀಥಿಯಂ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾತಾಡಬೇಕು ಎನ್ನುವುದು ನನ್ನ ಅಭಿಪ್ರಾಯ.

ದೀಪವಿದ್ದೂ ಜಿಂಕೆ ಸಿಗದ ರಾತ್ರಿಗಳು ಇಲ್ಲದಿಲ್ಲ. ರಕ್ತದ ಜಾಡು ತೊರೆಯ ದಂಡೆಯಲ್ಲಿ ಕಡಿದುಹೋಗುತ್ತದೆ, ಮಳೆ ಬಂದು ತೊಳೆಯುತ್ತದೆ. ಅಂಥ ಹೊತ್ತಿಗೆ ಹಗ್ಗ ಕಟ್ಟಿದ ನಾಯಿಯೊಂದಿಗೆ ಬಂದು ಜಾಡು ಹಿಡಿದುಕೊಡುವವರಿದ್ದಾರೆ. ಬಹಳಷ್ಟು ರಾಜ್ಯಗಳಲ್ಲಿ ಇದಕ್ಕೆ ಅವಕಾಶವಿದೆ. ಫೋನು ಎತ್ತಿದವರು ಮೊದಲು ಕೇಳುವುದು ಜಿಂಕೆ ಎಷ್ಟು ದೊಡ್ಡದು ಎಂದಲ್ಲ. ಬಾಣ ಎಷ್ಟು ಹೊತ್ತಿಗೆ ಬಿಟ್ಟಿರಿ, ಎಲ್ಲಿ ತಾಗಿದ್ದು ಕಂಡಿರಿ, ಬಾಣ ಸಿಕ್ಕಿತೇ, ಅದರ ಮೇಲೆ ಏನಿದೆ, ಜಾಡನ್ನು ಎಷ್ಟು ಜನ ತುಳಿದಿದ್ದೀರಿ ಎಂದು. ಬಾಣವನ್ನು ಒರೆಸಬೇಡಿ, ನಾನು ಬರುವವರೆಗೆ ಹಾಗೇ ಇಡಿ ಎಂದೂ ಹೇಳುತ್ತಾರೆ. “ಕಂಡಿಲ್ಲ, ಆದ್ರೆ ಚೆನ್ನಾಗೇ ತಾಗಿರಬೇಕು” ಎಂದು ಉತ್ತರಿಸುವವರ ಕೆಲಸಕ್ಕೆ ನಾಯಿ ತರುವುದೆಂದರೆ ಅವರಿಗೂ ಬೇಸರ. ಮೂವತ್ತು ಡಾಲರ್ ಕೊಟ್ಟವರು ಕೊನೇಪಕ್ಷ ಮೊದಲ ಮೂರು ಪ್ರಶ್ನೆಗಳಿಗೆ ತಡವರಿಸುವುದಿಲ್ಲ, ನಾಕ್ ಸರಿಯಾಗಿ ಕೂತಿದ್ದರೆ.